ಮಲ್ಲಿಗೆಯ ಬಿಳುಪು, ದೀಪದ ಬಿಳುಪು

ಕಳೆದ ಆಗಸ್ಟ್ ತಿಂಗಳಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವವನು ನಾನು. ಮದುವೆ, ನಾಮಕರಣ, ಬೀಗರೂಟಗಳೇ ನನಗೆ ಅನ್ನ. ಅವತ್ತು ಹೋದದ್ದು ಮಾತ್ರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಚಿತ್ರ ತೆಗೆಯಲು. ಯಜಮಾನರು ಅರವತ್ತು ದಾಟಿದವರು. ಬ್ಯಾರನ್ನಿನ ಬಾಗಿಲಲ್ಲಿ ನಿಂತು, ಕಡ್ಡಿಗೆ ಕಟ್ಟಿದ್ದ ಎಲೆಗಳಲ್ಲಿ ಒಂದನ್ನು ಬಿಡಿಸಿ ನನ್ನ ಕೈಗಿಟ್ಟರು. ಹದವಾಗಿ ಬೆಂದ ಎಲೆ, ಮಾಗಿದ ಕಿತ್ತಳೆ ಸಿಪ್ಪೆಯ ಬಣ್ಣ. ಮೋಡ ಸರಿದು ಬಿದ್ದ ಬಿಸಿಲಿಗೆ ಅದರ ಮೈಯೆಲ್ಲ ಹೊಳೆಯುತ್ತಿತ್ತು.

ಅದೇ ಎಲೆಯ ಫೋಟೋವನ್ನು ಅವರು ಬೆಳಗ್ಗೆಯೇ ತಮ್ಮ ಹೊಸ ಫೋನಿನಲ್ಲಿ ತೆಗೆದು ಬೆಂಗಳೂರಿನಲ್ಲಿರುವ ಮಗನಿಗೆ ಕಳಿಸಿದ್ದರಂತೆ. ಮಗ ಅದನ್ನು ಆಫೀಸಿನ ಕಂಪ್ಯೂಟರಿನಲ್ಲಿ ತೆರೆದು ನೋಡಿ, ತಕ್ಷಣ ಫೋನು ಮಾಡಿ, ‘ಅಪ್ಪ, ಉರಿ ಜಾಸ್ತಿಯಾಗದೆ, ಎಲೆ ಕಂದೋಗದೆ’ ಅಂದನಂತೆ. ಯಜಮಾನರಿಗೆ ಅದು ಬಹಳ ನೋವು ತಂದಿತ್ತು. ಐದಾರು ದಿನ ಹಗಲಿರುಳು ಒಲೆ ಬಾಯಿಯ ಮುಂದೆ ಕಾದು, ಉರಿಯನ್ನು ಅಳತೆ ತಪ್ಪದೆ ಏರಿಸಿ ಇಳಿಸಿ ಬೇಯಿಸಿದ ಸೊಪ್ಪು ಅದು. ಹರಾಜು ಮಾರುಕಟ್ಟೆಯಲ್ಲಿ ಬ್ರೈಟ್ ಅನ್ನಿಸಿಕೊಳ್ಳುವ ಎಲೆಗೂ ಲೋ ಗ್ರೇಡ್ ಎಲೆಗೂ ನಡುವೆ ಒಂದು ಸಂಸಾರದ ವರ್ಷದ ಬದುಕೇ ನಿಂತಿರುತ್ತದೆ. ‘ಎಲೆ ಎದುರ್ಗೇ ಅದೆ, ನೋಡಣ್ಣ. ನನ್ ಫೋನಲ್ಲೂ ಹಿಂಗೇ ಅದೆ. ಅವನ ಹತ್ರ ಹೋಗೋ ಹೊತ್ಗೆ ಹೆಂಗಣ್ಣ ಕರ್ಗಾಯ್ತು?’ ಎಂದು ಕೇಳಿದರು.

ನಾನು ಅಲ್ಲಿ ಏನೋ ಅರ್ಧಂಬರ್ಧ ಹೇಳಿ ಬಂದೆ. ಈ ಬಾನುಲಿ ಭಾಷಣ ಅವರ ಪ್ರಶ್ನೆಗೆ ಪೂರ್ತಿ ಉತ್ತರ. ಅವರು ಈಗ ಕೇಳುತ್ತಿರಬಹುದು.

ಮೊದಲು ಬ್ಯಾರನ್ನಿನ ಬಾಗಿಲಲ್ಲೇ ನಿಲ್ಲೋಣ. ಹೊರಗೆ ಬಿಸಿಲಿನಲ್ಲಿ ಒಂದು ಬಿಳಿ ಹಾಳೆ ಇಟ್ಟರೆ ಅದರಿಂದ ಕಣ್ಣಿಗೆ ಬರುವ ಬೆಳಕು ಸುಮಾರು 30,000 ನಿಟ್. ನಿಟ್ ಎಂಬುದು ಹೊಳಪಿನ ಅಳತೆ. ಒಂದು ಚದರ ಮೀಟರ್ ಮೇಲ್ಮೈ ಹೆಚ್ಚು ಕಡಿಮೆ ಒಂದು ಮೇಣದ ಬತ್ತಿಯಷ್ಟು ಬೆಳಕನ್ನು ನಮ್ಮ ಕಡೆಗೆ ಬೀರಿದರೆ ಅದು ಒಂದು ನಿಟ್. ಅದೇ ಬ್ಯಾರನ್ನಿನ ಒಳಗೆ, ಮೇಲಿನ ಸಾಲಿನಲ್ಲಿ ಒತ್ತೊತ್ತಾಗಿ ಇಳಿಬಿದ್ದ ಎಲೆಗಳ ನಡುವಿನ ಕತ್ತಲಲ್ಲಿ ಹೊಳಪು ಒಂದು ನಿಟ್‌ನ ಹತ್ತನೇ ಒಂದು ಪಾಲಿಗೂ ಕಡಿಮೆ. ಒಂದೇ ಬಾಗಿಲಿನ ಚೌಕಟ್ಟಿನೊಳಗೆ ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಲಕ್ಷಗಟ್ಟಲೆ ಪಟ್ಟು ಅಂತರ. ಈ ಅಂತರಕ್ಕೇ ಡೈನಾಮಿಕ್ ರೇಂಜ್ ಎನ್ನುತ್ತಾರೆ. ನಾನು ಬೆಳಕಿನ ಹರವು ಎನ್ನುತ್ತೇನೆ.

ಕಣ್ಣು ಈ ಹರವನ್ನು ಹೇಗೆ ತಾಳಿಕೊಳ್ಳುತ್ತದೆ? ಬೆಳಕು ದುಪ್ಪಟ್ಟಾದರೆ ಕಣ್ಣಿಗೆ ಅದು ದುಪ್ಪಟ್ಟು ಅನ್ನಿಸುವುದಿಲ್ಲ, ಒಂದು ಮೆಟ್ಟಿಲು ಹತ್ತಿದ ಹಾಗೆ ಅನ್ನಿಸುತ್ತದೆ. ಮತ್ತೆ ದುಪ್ಪಟ್ಟಾದರೆ ಇನ್ನೊಂದು ಮೆಟ್ಟಿಲು. ಜರ್ಮನಿಯ ವೆಬರ್ ಮತ್ತು ಫೆಕ್ನರ್ ಎಂಬ ವಿದ್ವಾಂಸರು ಹತ್ತೊಂಬತ್ತನೇ ಶತಮಾನದಲ್ಲೇ ಇದನ್ನು ನಿಯಮವಾಗಿ ಹೇಳಿಟ್ಟರು. ಕಿವಿಗೂ ಇದೇ ನಿಯಮ. ಈ ಮಾತನ್ನು ಮೈಸೂರಿನ ರೇಡಿಯೋದಲ್ಲಿ ಹೇಳುವುದರಲ್ಲಿ ನನಗೊಂದು ಸಂತೋಷವಿದೆ. 1935ರಲ್ಲಿ ತಮ್ಮ ಮನೆಯಲ್ಲೇ ಈ ಊರಿನ ಬಾನುಲಿಯನ್ನು ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಮನುಷ್ಯನ ಇಂದ್ರಿಯಗಳು ಹೇಗೆ ಅಳೆಯುತ್ತವೆ ಎಂಬುದು ಆ ಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು.

ಬಾನುಲಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ದೇವಸ್ಥಾನದಲ್ಲಿ ನಾಗಸ್ವರ, ಡೋಲು ಎದುರಿಗೇ ನುಡಿಸಿದರೆ ಎದೆ ನಡುಗುತ್ತದೆ. ಅದೇ ಮಂಟಪದಲ್ಲಿ ತಂಬೂರಿಯ ಶ್ರುತಿ ಕೇಳಲು ಉಸಿರು ಬಿಗಿಹಿಡಿಯಬೇಕು. ಎರಡನ್ನೂ ಇದ್ದದ್ದು ಇದ್ದ ಹಾಗೆ ಬಿತ್ತರಿಸಿದರೆ, ಗದ್ದೆ ಬದುವಿನ ಮೇಲಿಟ್ಟ ಟ್ರಾನ್ಸಿಸ್ಟರ್‌ನಲ್ಲಿ ತಂಬೂರಿ ಕೇಳುವುದೇ ಇಲ್ಲ, ಡೋಲು ಬಂದಾಗ ಸ್ಪೀಕರ್ ಕಿರುಗುಟ್ಟುತ್ತದೆ. ಅದಕ್ಕೆ ಸ್ಟುಡಿಯೋದಲ್ಲಿ ಕುಳಿತ ಎಂಜಿನಿಯರ್ ಮೀಟರಿನ ಮುಳ್ಳು ನೋಡುತ್ತ ಸಣ್ಣದನ್ನು ಎತ್ತುತ್ತಾರೆ, ದೊಡ್ಡದನ್ನು ತಗ್ಗಿಸುತ್ತಾರೆ. ಇಷ್ಟಾದರೂ ಡೋಲು ಡೋಲಾಗಿ, ತಂಬೂರಿ ತಂಬೂರಿಯಾಗಿ ಕೇಳಬೇಕು. ಆ ಕೈಚಳಕವೇ ಅವರ ವಿದ್ಯೆ. ಫೋಟೋದಲ್ಲಿ ಇದನ್ನೇ ಟೋನ್ ಮ್ಯಾಪಿಂಗ್ ಎನ್ನುತ್ತಾರೆ.

ಇವತ್ತಿನ ಒಳ್ಳೆಯ ಕ್ಯಾಮೆರಾದ ಸೆನ್ಸರ್ ಸುಮಾರು 14 ಮೆಟ್ಟಿಲುಗಳ ಹರವನ್ನು ಹಿಡಿಯುತ್ತದೆ. ಮೆಟ್ಟಿಲಿಗೊಮ್ಮೆ ದುಪ್ಪಟ್ಟಾಗುತ್ತ ಹೋದರೆ ಅದು 16,384 ಪಟ್ಟು. ಹಿಡಿದದ್ದನ್ನು ತೋರಿಸುವ ಕಡೆ ಬನ್ನಿ. ದಿನಪತ್ರಿಕೆಯ ಕಾಗದದಲ್ಲಿ ಅತಿ ಕಪ್ಪಿಗೂ ಅತಿ ಬಿಳುಪಿಗೂ ಹತ್ತು ಪಟ್ಟಿನ ಆಸುಪಾಸು ಅಂತರ. ಮದುವೆ ಆಲ್ಬಮ್ಮಿನ ಹೊಳಪು ಕಾಗದದಲ್ಲಿ ನೂರು, ನೂರೈವತ್ತು ಪಟ್ಟು. ಕಂಪ್ಯೂಟರ್ ಪರದೆಗಳ ಹಳೆಯ ಒಪ್ಪಂದ, ಅಂದರೆ 1996ರಲ್ಲಿ ಹ್ಯೂಲೆಟ್ ಪ್ಯಾಕಾರ್ಡ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಮುಂದಿಟ್ಟ ಎಸ್‌ಆರ್‌ಜಿಬಿ, ಬಿಳಿ ಎಂದರೆ 80 ನಿಟ್ ಎಂದುಕೊಂಡು ಬರೆದದ್ದು. ನಾವು ಇವತ್ತಿಗೂ ಕಳಿಸುವ ಸಾಮಾನ್ಯ ಜೆಪಿಇಜಿ ಚಿತ್ರ ಆ ಒಪ್ಪಂದದ ಮಗು. ಅದರಲ್ಲಿ ಕಪ್ಪಿನಿಂದ ಬಿಳುಪಿಗೆ ಒಂದೊಂದು ಬಣ್ಣಕ್ಕೆ 256 ಹಂತ ಮಾತ್ರ. ಬಿಳಿಗಿಂತ ಬಿಳಿ ಎಂಬುದು ಆ ಲೆಕ್ಕದಲ್ಲೇ ಇಲ್ಲ.

ನನ್ನ ಕಸುಬಿನಲ್ಲಿ ಬಹಳ ತಡವಾಗಿ ಅರ್ಥವಾದ ಸಂಗತಿ ಇದು. ಲೋಕದಲ್ಲಿ ಎರಡು ಬಿಳುಪುಗಳಿವೆ. ಮಲ್ಲಿಗೆ ಹೂವಿನದು ಒಂದು, ದೀಪದ್ದು ಇನ್ನೊಂದು. ಮಲ್ಲಿಗೆ, ಪಂಚೆ, ಸುಣ್ಣದ ಗೋಡೆ, ಹಾಲು ಇವೆಲ್ಲ ತಮ್ಮ ಮೇಲೆ ಬಿದ್ದ ಬೆಳಕನ್ನು ತಿರುಗಿಸಿ ಕೊಡುತ್ತವೆ, ಅದಕ್ಕಿಂತ ಹೆಚ್ಚು ಕೊಡಲಾರವು. ದೀಪದ ಕುಡಿ, ಸೂರ್ಯ, ನೀರಿನ ಮೇಲೆ ಕುಣಿಯುವ ಬಿಸಿಲಿನ ಕಿಡಿ, ಮೂಗುತಿಯ ಹರಳಿನ ಮಿಂಚು, ಇವು ಬೇರೆಯೇ ಜಾತಿ. ಮಲ್ಲಿಗೆಯ ಬಿಳುಪಿನ ಹತ್ತು ಪಟ್ಟು, ಕೆಲವೊಮ್ಮೆ ನೂರಾರು, ಸಾವಿರಾರು ಪಟ್ಟು ಅವುಗಳ ಹೊಳಪು. ಹಳೆಯ ಫೋಟೋದಲ್ಲಿ ಎರಡಕ್ಕೂ ಒಂದೇ ಬಿಳುಪು ಕೊಡಬೇಕಿತ್ತು, ಬೇರೆ ದಾರಿ ಇರಲಿಲ್ಲ. ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಪರದೆ ಎಂದರೆ, ಮಲ್ಲಿಗೆಯ ಬಿಳುಪನ್ನು ಅದರ ಜಾಗದಲ್ಲಿ ಬಿಟ್ಟು, ಅದರ ಮೇಲೆ ದೀಪಕ್ಕೆ ಅಟ್ಟವೊಂದನ್ನು ಕಟ್ಟಿಕೊಟ್ಟ ಪರದೆ. ಟಿ.ವಿ. ಲೋಕದ ಶಿಫಾರಸಿನಲ್ಲಿ ಈ ಮಲ್ಲಿಗೆಯ ಬಿಳುಪಿಗೆ 203 ನಿಟ್ ಎಂದು ಅಂಕೆ ಕೊಟ್ಟಿದ್ದಾರೆ. ಅದಕ್ಕಿಂತ ಮೇಲಿರುವುದೆಲ್ಲ ಹೊಳಪಿಗೆ ಮೀಸಲು.

ಈ ಮೀಸಲು ಜಾಗವನ್ನು ಹೇಗೆ ಹಾಳುಮಾಡಬಹುದು ಎಂಬುದನ್ನು ಕೆ.ಆರ್. ನಗರದ ಒಂದು ಮದುವೆಯಲ್ಲಿ ಕಣ್ಣಾರೆ ಕಂಡೆ. ಆರತಕ್ಷತೆಯ ವೇದಿಕೆಯ ಪಕ್ಕದಲ್ಲಿ ದೊಡ್ಡ ಎಲ್‌ಇಡಿ ಗೋಡೆ. ಮುಹೂರ್ತದ ಚಿತ್ರಗಳನ್ನು ಅದರಲ್ಲಿ ಹಾಕಿದೆವು. ವಧುವಿನ ಜಡೆಯ ಮಲ್ಲಿಗೆ ದಂಡೆ ಟ್ಯೂಬ್‌ಲೈಟಿನಂತೆ ಉರಿಯಿತು. ವರನ ಪಂಚೆಯಲ್ಲಿ ನೆರಿಗೆಯೇ ಕಾಣದಾಯಿತು. ಧಾರೆಯ ಹೊತ್ತಿನ ದೀಪ ಮಾತ್ರ, ಅಕ್ಕಪಕ್ಕದ ಬಿಳುಪಿನ ನಡುವೆ, ಕಾಗದದಲ್ಲಿ ಬರೆದ ದೀಪದಂತೆ ಸಪ್ಪೆಯಾಗಿತ್ತು. ಗೋಡೆಯ ಶಕ್ತಿ ಸಾವಿರಾರು ನಿಟ್ ಇದ್ದಿರಬೇಕು. ಆ ಶಕ್ತಿಯನ್ನೆಲ್ಲ ಮಲ್ಲಿಗೆಗೆ ಸುರಿದುಬಿಟ್ಟೆವು. ವಧುವಿನ ತಾಯಿ ಹತ್ತಿರ ಬಂದು, ‘ಹೂವೆಲ್ಲ ಪ್ಲಾಸ್ಟಿಕ್ ಥರ ಕಾಣ್ತವೆ ಕಣಪ್ಪ’ ಎಂದರು. ನಾನು ವರ್ಷಗಟ್ಟಲೆ ಓದಿ ತಿಳಿದದ್ದನ್ನು ಆಕೆ ಒಂದು ನೋಟದಲ್ಲಿ ಹೇಳಿದ್ದರು.

ಚಿನ್ನಕ್ಕೆ ಈ ಅಟ್ಟ ಇನ್ನೂ ಅಗತ್ಯ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದ ಸ್ವರ್ಣ ದೇಗುಲಕ್ಕೆ ನಮ್ಮ ಕಡೆಯವರೆಲ್ಲ ಒಮ್ಮೆಯಾದರೂ ಹೋಗಿರುತ್ತಾರೆ. ನಡುವೆ ಬುದ್ಧ, ಎರಡು ಬದಿಗೆ ಪದ್ಮಸಂಭವ ಮತ್ತು ಅಮಿತಾಯುಸ್, ಮೂರೂ ಮುಗಿಲೆತ್ತರದ ಹೊನ್ನಿನ ಮೂರ್ತಿಗಳು. ಒಳಗಿನ ಬೆಳಕು ಮೆತ್ತಗಿನದು. ಕಿಟಕಿಯ ಕಡೆಯಿಂದ ಬಂದ ಬೆಳಕು ಮೂರ್ತಿಯ ಭುಜ, ಮಂಡಿ, ಬೆರಳ ತುದಿಗಳ ಮೇಲೆ ಗೆರೆಗಳಾಗಿ ಹರಿಯುತ್ತದೆ. ಅಲ್ಲಿ ನಿಂತಾಗ ‘ಚಿನ್ನ’ ಅನ್ನಿಸುತ್ತದೆ. ಮನೆಗೆ ಬಂದು ಫೋನಿನಲ್ಲಿ ನೋಡಿದರೆ ಅರಿಶಿನ ಬಳಿದ ಹಾಗೆ. ಯಾಕೆಂದರೆ ಚಿನ್ನದ ಬಣ್ಣ ಎಂಬ ಬಣ್ಣದ ಡಬ್ಬಿ ಎಲ್ಲೂ ಇಲ್ಲ. ಕಡು ಹಳದಿಯ ಮೇಲೆ ಅದೇ ಛಾಯೆಯ, ಆದರೆ ಬಹಳ ಪ್ರಖರವಾದ ಮಿಂಚು ಓಡಿದರೆ ಅದನ್ನೇ ಕಣ್ಣು ಚಿನ್ನ ಎಂದು ಓದುತ್ತದೆ. ಆ ಮಿಂಚಿಗೆ ಜಾಗವಿಲ್ಲದ ಪರದೆಯಲ್ಲಿ ಮೊದಲು ಕೆಂಪು ತುಂಬಿ ನಿಲ್ಲುತ್ತದೆ, ಹಸಿರು ಇನ್ನೂ ಏರುತ್ತಿರುತ್ತದೆ, ಕಿತ್ತಳೆ ಹಳದಿಯಾಗುತ್ತದೆ. ಆಮೇಲೆ ಹಸಿರೂ ತುಂಬಿ ನೀಲಿ ಏರುತ್ತದೆ, ಹಳದಿ ಬಿಳಿಯಾಗುತ್ತದೆ. ಅಳತೆ ಮೀರಿ ತುಂಬಿದ ಬೆಳಕು ತನ್ನ ಬಣ್ಣವನ್ನೂ ಕಳೆದುಕೊಳ್ಳುತ್ತದೆ. ಬ್ಯಾರನ್ನಿನ ಒಲೆಯ ಬೆಂಕಿಯೂ ಹೀಗೆಯೇ: ಎದುರಿಗೆ ಕೆಂಡಗೆಂಪು, ಫೋಟೋದಲ್ಲಿ ಮಂಕು ಹಳದಿ. ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವಾಗ ಏಳುವ ನೊರೆಯಲ್ಲಿ ಸಾವಿರ ಬಗೆಯ ಬಿಳುಪಿದ್ದರೂ ಚಿತ್ರದಲ್ಲಿ ಸುಣ್ಣದ ಹೊಂಡ.

ಇನ್ನು ಯಜಮಾನರ ಎಲೆ. ಕಂದು ಬಣ್ಣವನ್ನು ಕಾಮನಬಿಲ್ಲಿನಲ್ಲಿ ಹುಡುಕಿ ನೋಡಿ, ಸಿಗುವುದಿಲ್ಲ. ಕಂದು ಎಂಬ ಬೆಳಕು ಇಲ್ಲವೇ ಇಲ್ಲ. ಕಿತ್ತಳೆ ಬಣ್ಣದ ವಸ್ತು ತನ್ನ ಸುತ್ತಲಿನದಕ್ಕಿಂತ ಮಂಕಾಗಿದ್ದಾಗ ನಮ್ಮ ಕಣ್ಣು ಅದನ್ನು ಕಂದು ಎಂದು ಕರೆಯುತ್ತದೆ. ಅವರ ಹೊಸ ಫೋನಿನಲ್ಲಿ ಬಿಸಿಲು ಬಿದ್ದ ಎಲೆ ಮಲ್ಲಿಗೆಯ ಬಿಳುಪನ್ನೂ ಮೀರಿ ಹೊಳೆಯುತ್ತಿತ್ತು, ಅಟ್ಟದ ಮೇಲಿತ್ತು. ಚಿತ್ರ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಆ ಹೆಚ್ಚುವರಿ ಹೊಳಪು ಉದುರಿಹೋಯಿತು. ಆಫೀಸಿನ ಪರದೆಯಲ್ಲಿ, ಚಿತ್ರದಲ್ಲಿದ್ದ ಸುಣ್ಣದ ಗೋಡೆಯ ಪೂರ್ತಿ ಬಿಳುಪಿನ ಪಕ್ಕದಲ್ಲಿ, ಅದೇ ಕಿತ್ತಳೆ ಮಂಕಾಯಿತು. ಮಂಕಾದ ಕಿತ್ತಳೆಯನ್ನು ಮಗನ ಕಣ್ಣು ಕಂದು ಎಂದು ಓದಿತು. ಎಲೆ ಕೆಟ್ಟಿರಲಿಲ್ಲ, ಮಗನ ಕಣ್ಣೂ ಕೆಟ್ಟಿರಲಿಲ್ಲ.

ಹರವನ್ನು ಕುಗ್ಗಿಸಿ ಕಾಗದಕ್ಕೆ ಇಳಿಸುವ ಕಷ್ಟ ಹೊಸದಲ್ಲ. ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ಅವರ ಸಂಪುಟದಲ್ಲಿ ಹಣಕಾಸು ನೋಡಿಕೊಂಡವರು ಸಂಡೂರಿನ ಎಂ.ವೈ. ಘೋರ್ಪಡೆ. ಅವರು ದೇಶದ ದೊಡ್ಡ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರು, ಕಪ್ಪು ಬಿಳುಪಿನ ಉಪಾಸಕರು. 1983ರಲ್ಲಿ ಬಂದ ಅವರ ಇಂಗ್ಲಿಷ್ ಪುಸ್ತಕದ ಹೆಸರಿನ ಅರ್ಥವೇ ಬಿಸಿಲು ಮತ್ತು ನೆರಳು ಎಂದು. ಆ ತಲೆಮಾರಿನವರಿಗೆ ಕತ್ತಲೆಕೋಣೆಯೇ ಗರ್ಭಗುಡಿ. ಹಿಗ್ಗಿಸುವ ಯಂತ್ರದ ಬೆಳಕಿಗೆ ಅಂಗೈ ಅಡ್ಡ ಹಿಡಿದು ಆನೆಯ ಮುಖದ ನೆರಳನ್ನು ತಿಳಿಗೊಳಿಸುವುದು, ಬೆರಳ ಸಂದಿಯಿಂದ ಬೆಳಕು ಬಿಟ್ಟು ಆಕಾಶವನ್ನು ಗಾಢಗೊಳಿಸುವುದು. ನಾನು ಸ್ಟುಡಿಯೋದಲ್ಲಿ ಹುಡುಗನಾಗಿ ಸೇರಿದಾಗ ಕಲಿತ ಮೊದಲ ವಿದ್ಯೆ ಅದು. ಒಂದೊಂದು ಪ್ರಿಂಟಿಗೂ ಎಲ್ಲಿ ಎಷ್ಟು ಸೆಕೆಂಡು ಎಂದು ಹಳೆಯ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೆವು. ಆ ಪುಸ್ತಕದ ಮಾತಿಗೆ ಮತ್ತೆ ಬರುತ್ತೇನೆ.

ಕಂಪ್ಯೂಟರ್ ಬಂದ ಮೇಲೆ ದೊಡ್ಡ ಹೆಜ್ಜೆ ಇಟ್ಟವರು ಪಾಲ್ ಡೆಬೆವೆಕ್ ಮತ್ತು ನಮ್ಮ ಕಾನ್ಪುರ ಐಐಟಿಯಲ್ಲಿ ಓದಿದ ಜಿತೇಂದ್ರ ಮಲಿಕ್. 1997ರಲ್ಲಿ ಅವರು ಒಂದೇ ದೃಶ್ಯವನ್ನು ಕಡಿಮೆ, ನಡು, ಹೆಚ್ಚು ಬೆಳಕಿನಲ್ಲಿ ಹಲವು ಸಲ ತೆಗೆದು, ಅವುಗಳಿಂದ ನಿಜವಾದ ಬೆಳಕಿನ ಲೆಕ್ಕವನ್ನು ಹಿಂಪಡೆಯುವ ಗಣಿತವನ್ನು ತೋರಿಸಿದರು. ಈಗ ನಿಮ್ಮ ಫೋನು ಗುಂಡಿ ಒತ್ತಿದ ಕ್ಷಣದಲ್ಲಿ ಹಲವು ಚಿತ್ರಗಳನ್ನು ತೆಗೆದು ಹೆಣೆಯುವುದು ಅದೇ ವಂಶದ ವಿದ್ಯೆ. ಆದರೆ ಆಗ ಹೆಣೆದದ್ದನ್ನು ತೋರಿಸಲು ಪರದೆ ಇರಲಿಲ್ಲ. ಆದ್ದರಿಂದ ಎಲ್ಲವನ್ನೂ ಹಿಂಡಿ ಹಳೆಯ ಹರವಿಗೆ ತುರುಕಿದರು. ಹತ್ತು ಹದಿನೈದು ವರ್ಷಗಳ ಹಿಂದಿನ ಆಲ್ಬಮ್ಮುಗಳನ್ನು ತೆರೆದು ನೋಡಿ: ಮೋಡಗಳಿಗೆ ಮಸಿ ಬಳಿದಂತೆ, ಮುಖಗಳಿಗೆ ಎಣ್ಣೆ ಸವರಿದಂತೆ, ಮರದ ಸುತ್ತ ಬಿಳಿಯ ಪ್ರಭೆ. ಅದನ್ನೇ ಜನ ಎಚ್‌ಡಿಆರ್ ಎಂದು ತಿಳಿದರು. ನಾನೂ ಅಂಥವು ಮಾಡಿ ಕೊಟ್ಟಿದ್ದೇನೆ. ಈಗ ಅವನ್ನು ನೋಡಿದರೆ ಮನಸ್ಸು ಹಿಂಡುತ್ತದೆ.

ಕತ್ತಲನ್ನು ಕತ್ತಲಾಗಿಯೇ ಉಳಿಸಿಕೊಂಡು ಅದರೊಳಗಿನದನ್ನು ಕಾಣಿಸುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಎಚ್.ಡಿ. ಕೋಟೆಯ ಕಾಕನಕೋಟೆ ಕಾಡಿಗೆ ಹೋಗಬೇಕು. ಕಬಿನಿಯ ಕರಿಚಿರತೆ ಸಾಯಾ ಲೋಕಪ್ರಸಿದ್ಧ. ಛಾಯಾಗ್ರಾಹಕ ಮಿಥುನ್ ಎಚ್. ಅವರು ಆರು ದಿನ ಕಾದು ತೆಗೆದ, 2020ರಲ್ಲಿ ಎಲ್ಲೆಡೆ ಹರಡಿದ ಚಿತ್ರವನ್ನು ನೀವು ನೋಡಿರುತ್ತೀರಿ. ಮುಂದೆ ಕ್ಲಿಯೋಪಾತ್ರ ಎಂಬ ಹೊನ್ನ ಬಣ್ಣದ ಹೆಣ್ಣು ಚಿರತೆ, ಅದರ ಹಿಂದೆಯೇ ಅದರ ನೆರಳಿನಂತೆ ಸಾಯಾ, ಎರಡೂ ನೇರ ನಮ್ಮನ್ನೇ ನೋಡುತ್ತಿವೆ. ಕರಿಚಿರತೆ ಬೇರೆ ಪ್ರಾಣಿಯಲ್ಲ. ತಂದೆ ತಾಯಿ ಇಬ್ಬರಿಂದಲೂ ಕಪ್ಪಿನ ವಂಶವಾಹಿ ಬಂದ ಮಾಮೂಲಿ ಚಿರತೆಯೇ. ಅದರ ಮೈಮೇಲೂ ಚುಕ್ಕೆಗಳಿವೆ, ಕಪ್ಪಿನ ಮೇಲೆ ಕಡುಗಪ್ಪಾಗಿ. ಓರೆ ಬಿಸಿಲು ಬಿದ್ದರೆ ಮಾತ್ರ ರೇಷ್ಮೆಯ ಬುಟ್ಟಾದಂತೆ ಅವು ಮೇಲೆದ್ದು ಬರುತ್ತವೆ.

ಅಂಥ ಚಿತ್ರವೊಂದನ್ನು ಬೇರೆ ಬೇರೆ ಪರದೆಗಳಲ್ಲಿ ನೋಡಿ. ಕತ್ತಲೆ ಕೋಣೆಯಲ್ಲಿ ಒಎಲ್‌ಇಡಿ ಪರದೆಯ ಮೇಲೆ, ಅಲ್ಲಿ ಕಪ್ಪು ಎಂದರೆ ದೀಪ ಪೂರ್ತಿ ಆರಿದ ಕಪ್ಪು, ಚುಕ್ಕೆ ಚುಕ್ಕೆಯೂ ಕಾಣುತ್ತದೆ. ಹಿಂಬದಿಯಲ್ಲಿ ಸದಾ ದೀಪ ಉರಿಯುವ ಎಲ್‌ಸಿಡಿ ಪರದೆಯಲ್ಲಿ ಕಪ್ಪು ಬೂದುಗಪ್ಪಾಗುತ್ತದೆ. ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ನೋಡಿದರೆ ಗಾಜಿನ ಮೇಲೆ ಆಕಾಶವೇ ಪ್ರತಿಫಲಿಸಿ ಚಿರತೆಯ ಜಾಗದಲ್ಲಿ ನಮ್ಮ ಮುಖ ಕಾಣುತ್ತದೆ. ಪರದೆ ಎಷ್ಟು ಬೆಳಗುತ್ತದೆ ಎಂದಷ್ಟೇ ಅಂಗಡಿಯಲ್ಲಿ ಹೇಳುತ್ತಾರೆ. ಎಷ್ಟು ಕಪ್ಪಾಗಬಲ್ಲದು ಎಂದು ಕೇಳಿ ಕೊಳ್ಳಿ. ಹರವಿಗೆ ಎರಡು ತುದಿ.

ಈಗ ಕಳಿಸುವ ಮಾತು. ಪರದೆಗಳು ಇಷ್ಟು ಬಗೆ ಇರುವಾಗ ಚಿತ್ರವನ್ನು ಯಾವ ಲೆಕ್ಕದಲ್ಲಿ ಬರೆದು ಕಳಿಸಬೇಕು? ಟಿ.ವಿ. ಲೋಕ ಎರಡು ದಾರಿ ಮಾಡಿಕೊಂಡಿತು. 2016ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಎರಡನ್ನೂ ಒಂದೇ ಶಿಫಾರಸಿನಲ್ಲಿ ಸೇರಿಸಿತು. ಒಂದು ಡಾಲ್ಬಿಯಿಂದ ಬಂದ ಪಿಕ್ಯೂ. ಇನ್ನೊಂದು ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ಮಾಡಿದ ಎಚ್‌ಎಲ್‌ಜಿ. ಜಮೀನು ಉತ್ತವರಿಗೆ ಇವುಗಳ ವ್ಯತ್ಯಾಸ ಬೇಗ ತಿಳಿಯುತ್ತದೆ. ಪಿಕ್ಯೂ ಎಂದರೆ ಗುತ್ತಿಗೆ: ಬೆಳೆ ಎಷ್ಟೇ ಬರಲಿ ಇಷ್ಟು ಪಲ್ಲ ಅಳೆಯಲೇಬೇಕು. ಈ ಬಿಂದು 203 ನಿಟ್, ಆ ಬಿಂದು 4,000 ನಿಟ್ ಎಂದು ನೇರ ಬರೆದಿರುತ್ತದೆ, 10,000 ನಿಟ್‌ವರೆಗೂ. ಎಚ್‌ಎಲ್‌ಜಿ ಎಂದರೆ ವಾರ: ಬಂದದ್ದರಲ್ಲಿ ಇಷ್ಟು ಪಾಲು. ನಿನ್ನ ಪರದೆಯ ಶಕ್ತಿ ಎಷ್ಟೋ ಅದರಲ್ಲಿ ಇಷ್ಟು ಭಾಗ ಬೆಳಗು ಎನ್ನುತ್ತದೆ. ಗುತ್ತಿಗೆಯ ಚಿತ್ರ ಬಡ ಪರದೆಗೆ ಬಂದರೆ ಅದು ಕೊಡಲಾರದ್ದನ್ನು ಹೇಗೋ ಕಡಿದು ಕೂಡಿಸಿ ಹೊಂದಿಸುತ್ತದೆ. ಎಲ್ಲಿ ಕಡಿಯಬೇಕು ಎಂಬುದನ್ನು ಯಂತ್ರ ತೀರ್ಮಾನಿಸುತ್ತದೆ, ಚಿತ್ರ ತೆಗೆದವರಲ್ಲ. ನನಗೆ ಒಪ್ಪಿಗೆಯಾಗದಿರುವುದು ಇದೇ.

ಸ್ಥಿರಚಿತ್ರಗಳಿಗೆ ಈಚೆಗೆ ಬೇರೊಂದು ದಾರಿ ಬಂದಿದೆ. ಅದರ ಹೆಸರು ಗೇನ್ ಮ್ಯಾಪ್. 2023ರಲ್ಲಿ ಆ್ಯಂಡ್ರಾಯ್ಡ್ 14ರ ಜೊತೆ ಅಲ್ಟ್ರಾ ಎಚ್‌ಡಿಆರ್ ಎಂಬ ಹೆಸರಿನಲ್ಲಿ ಅದು ಅನೇಕ ಫೋನುಗಳಿಗೆ ಬಂತು, ಐಫೋನಿನಲ್ಲಿ ಅದಕ್ಕೂ ಮೊದಲೇ ಅದರದೇ ರೂಪದಲ್ಲಿ ಇತ್ತು. 2025ರಲ್ಲಿ ಐಎಸ್‌ಒ 21496-1 ಎಂಬ ಸಂಖ್ಯೆಯಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಇಪ್ಪತ್ತು ವರ್ಷಗಳಲ್ಲಿ ಆದ ಅತ್ಯಂತ ನ್ಯಾಯವಾದ ಕೆಲಸ ಇದು.

ಅದರ ಒಳಗುಟ್ಟು ಸರಳ. ಕಡತದಲ್ಲಿ ಎಲ್ಲ ಪರದೆಗೂ ಹೊಂದುವ ಸಾಮಾನ್ಯ ಚಿತ್ರವೊಂದು ಇರುತ್ತದೆ. ಅದರ ಬೆನ್ನಿಗೆ ಬೂದು ಬಣ್ಣದ ಇನ್ನೊಂದು ಸಣ್ಣ ಚಿತ್ರ. ಈ ಎರಡನೆಯದರಲ್ಲಿ ಬೆಳ್ಳಗಿರುವ ಜಾಗ ಎಂದರೆ, ಇಲ್ಲಿ ಹೊಳಪನ್ನು ಎತ್ತು ಎಂದು. ಕಪ್ಪಗಿರುವ ಜಾಗ ಎಂದರೆ, ಇಲ್ಲಿ ಇದ್ದಂತೆ ಬಿಡು ಎಂದು. ಚಿತ್ರ ತೆರೆದ ಪರದೆ ತನ್ನ ಬಳಿ ಮಲ್ಲಿಗೆಯ ಬಿಳುಪಿನ ಮೇಲೆ ಎಷ್ಟು ಅಟ್ಟ ಉಳಿದಿದೆ ಎಂದು ನೋಡಿಕೊಳ್ಳುತ್ತದೆ. ಮೂರು ಮೆಟ್ಟಿಲು ಉಳಿದಿದ್ದರೆ ಮೂರು ಮೆಟ್ಟಿಲು ಎತ್ತುತ್ತದೆ, ಒಂದೇ ಉಳಿದಿದ್ದರೆ ಒಂದು. ಏನೂ ಇಲ್ಲದಿದ್ದರೆ ಮೊದಲ ಚಿತ್ರವನ್ನೇ, ಒಂದು ಕೂದಲೂ ಕೊಂಕದಂತೆ, ತೋರಿಸುತ್ತದೆ. ನಮ್ಮ ಕತ್ತಲೆಕೋಣೆಯ ನೋಟುಪುಸ್ತಕ ನೆನಪಾಯಿತೇ? ಎಲ್ಲಿ ಎಷ್ಟು ಸೆಕೆಂಡು ಎಂಬ ಆ ಪುಸ್ತಕವೇ ಈಗ ಚಿತ್ರದ ಜೊತೆ ಊರೂರು ತಿರುಗುತ್ತಿದೆ.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಈ ಅಟ್ಟ ಒಂದೇ ಫೋನಿನಲ್ಲೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ನಿಮ್ಮ ಫೋನಿನ ಶಕ್ತಿ 1,000 ನಿಟ್ ಎನ್ನಿ. ರಾತ್ರಿ ಮನೆಯಲ್ಲಿ ಬಿಳುಪನ್ನು 100 ನಿಟ್‌ಗೆ ಇಳಿಸಿಕೊಂಡು ನೋಡುತ್ತಿದ್ದರೆ ಅದರ ಮೇಲೆ ಹತ್ತು ಪಟ್ಟು ಜಾಗವಿದೆ. ದೀಪ ದೀಪವಾಗಿ ಉರಿಯುತ್ತದೆ. ಹೊಲಕ್ಕೆ ಹೋದಾಗ ಕಣ್ಣಿಗೆ ಕಾಣಲೆಂದು ಫೋನು ಬಿಳುಪನ್ನೇ 500ಕ್ಕೆ ಏರಿಸಿದರೆ ಉಳಿದದ್ದು ಎರಡೇ ಪಟ್ಟು. ಯಜಮಾನರು ಬೆಳಗ್ಗೆ ಬ್ಯಾರನ್ನಿನ ನೆರಳಲ್ಲಿ ನೋಡಿದ ಎಲೆಗೂ ಮಧ್ಯಾಹ್ನ ಕಣದಲ್ಲಿ ನಿಂತು ನನಗೆ ತೋರಿಸಿದ ಎಲೆಗೂ, ಫೋನು ಒಂದೇ ಆದರೂ, ವ್ಯತ್ಯಾಸ ಇತ್ತು. ಅವರು ಅದನ್ನೂ ಗಮನಿಸಿದ್ದರು.

ದುಃಖದ ಸಂಗತಿ ಎಂದರೆ, ಚಿತ್ರವನ್ನು ಸಾಗಿಸುವ ಎಷ್ಟೋ ಆ್ಯಪ್‌ಗಳು ಅದನ್ನು ಸಣ್ಣದು ಮಾಡುವ ಭರದಲ್ಲಿ ಆ ಎರಡನೆಯ ಚಿತ್ರವನ್ನು ಕಿತ್ತು ಬಿಸಾಡುತ್ತವೆ. ಚಿತ್ರವನ್ನು ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಸಾಮಾನ್ಯವಾಗಿ ಇದ್ದದ್ದು ಇದ್ದಂತೆ ತಲುಪುತ್ತದೆ. ಆದರೂ ಕಿತ್ತುಹೋಗುವ ಸಾಧ್ಯತೆಯನ್ನು ನೆನಪಿಟ್ಟುಕೊಂಡೇ ಮೊದಲ ಚಿತ್ರವನ್ನು ಮಾಡಬೇಕು. ನಮ್ಮ ಕಸುಬಿನ ಹುಡುಗರು ಎಡವುತ್ತಿರುವುದು ಇಲ್ಲೇ. ಹೊಸ ಮಾನಿಟರಿನ ಹೊಳಪಿಗೆ ಮನಸೋತು ಎಲ್ಲ ಶ್ರಮವನ್ನೂ ಎಚ್‌ಡಿಆರ್ ರೂಪಕ್ಕೆ ಸುರಿಯುತ್ತಾರೆ, ಸಾಮಾನ್ಯ ರೂಪವನ್ನು ಯಂತ್ರಕ್ಕೆ ಬಿಡುತ್ತಾರೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಆ ಚಿತ್ರ ನೋಡುವ ಹೆಚ್ಚಿನವರ ಕೈಯಲ್ಲಿರುವುದು ಅಗ್ಗದ ಫೋನು, ಗೀರುಬಿದ್ದ ಗಾಜು. ಅವರಿಗೆ ಸಿಗುವುದು ಉಳಿಕೆ ಪಳಿಕೆ ಆಗಬಾರದು. ನಾನು ಈಗ ಸಾಮಾನ್ಯ ಚಿತ್ರವನ್ನು ಮೊದಲು ಮಾಡುತ್ತೇನೆ, ನನ್ನ ಅಂಗಡಿಯ ಹಳೆಯ ಪರದೆಯಲ್ಲೇ ಕುಳಿತು, ಮನಸ್ಸಿಗೆ ಒಪ್ಪುವವರೆಗೆ. ಆಮೇಲೆ ಹೊಳಪು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಾದ ಇನ್ನೊಂದು ಘಟನೆ ಇದೆ. ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಯೊಂದರಲ್ಲಿ ಜೇನುಕುರುಬರ ಅಜ್ಜಿಯೊಬ್ಬರು ಗುಡಿಸಲ ಬಾಗಿಲಲ್ಲಿ ಕುಳಿತಿದ್ದರು. ಹಿಂದೆ ಕತ್ತಲು, ಮುಂದೆ ಸುಡುಬಿಸಿಲು. ನನ್ನ ಜೊತೆ ಬಂದಿದ್ದ ಹುಡುಗ ಫೋನಿನಲ್ಲಿ ಅವರ ಚಿತ್ರ ತೆಗೆದು ತೋರಿಸಿದ. ಫೋನು ತಾನಾಗಿಯೇ ನೆರಳನ್ನೆಲ್ಲ ಎತ್ತಿ, ಮುಖವನ್ನು ತಿಳಿಮಾಡಿ, ಬಿಸಿಲಿಗೆ ಸಮ ಮಾಡಿಬಿಟ್ಟಿತ್ತು. ಅಜ್ಜಿಯ ಪಕ್ಕದಲ್ಲಿದ್ದ ಮೊಮ್ಮಗಳು ಪರದೆಯನ್ನೂ ಅಜ್ಜಿಯನ್ನೂ ಎರಡೆರಡು ಸಲ ನೋಡಿ, ‘ಅಜ್ಜಿ ಬೂದಿ ಬಳ್ಕೊಂಡಂಗವ್ಳೆ’ ಎಂದಳು. ಅಜ್ಜಿ ಏನೂ ಹೇಳದೆ ಸೆರಗು ಸರಿಮಾಡಿಕೊಂಡರು.

ಆ ಮೌನ ನನ್ನನ್ನು ಬಿಟ್ಟಿಲ್ಲ. ಅವರ ಮೈಬಣ್ಣದಲ್ಲಿ ತಾಮ್ರದ ಕೆಂಪಿತ್ತು, ಕೆನ್ನೆಮೂಳೆಯ ಮೇಲೆ ಬಿಸಿಲಿನ ಒಂದು ಚೂರು ಮಿಂಚಿತ್ತು. ಕಪ್ಪು ಚರ್ಮದ ಸೌಂದರ್ಯ ಇರುವುದೇ ಆ ಮಿಂಚಿಗೂ ಚರ್ಮಕ್ಕೂ ನಡುವಿನ ಅಂತರದಲ್ಲಿ. ನೆರಳನ್ನು ಎತ್ತಿ ಮಿಂಚನ್ನು ತಗ್ಗಿಸಿದರೆ ಉಳಿಯುವುದು ಬೂದಿಯೇ. ಈ ತಪ್ಪಿಗೆ ಹಳೆಯ ಬೇರುಗಳಿವೆ. ಫಿಲಂ ಕಾಲದಲ್ಲಿ ಪ್ರಿಂಟಿನ ಬಣ್ಣ ಸರಿಯಿದೆಯೇ ಎಂದು ನೋಡಲು ಕೊಡಾಕ್ ಕಂಪನಿ ಲ್ಯಾಬುಗಳಿಗೆ ಶರ್ಲಿ ಕಾರ್ಡ್ ಎಂಬ ಮಾದರಿ ಚಿತ್ರ ಕಳಿಸುತ್ತಿತ್ತು; ಬಹುಕಾಲ ಅದರಲ್ಲಿದ್ದದ್ದು ಬಿಳಿಯ ಹೆಂಗಸು. ಜಗತ್ತಿನ ಚರ್ಮಗಳನ್ನೆಲ್ಲ ಆ ಒಂದು ಕೆನ್ನೆಗೆ ಹೊಂದಿಸಿದರು. ಇತ್ತೀಚೆಗೆ ಫೋನು ಕಂಪನಿಗಳು ಇದನ್ನು ತಿದ್ದಿಕೊಳ್ಳಲು ಹೊರಟಿವೆ. ಹಾಡಿಯ ಬಾಗಿಲವರೆಗೆ ಆ ತಿದ್ದುಪಡಿ ಬರುವ ತನಕ ಕ್ಯಾಮೆರಾ ಹಿಡಿದವರೇ ತಿದ್ದಬೇಕು. ನಾನು ಅಜ್ಜಿಯ ಚಿತ್ರವನ್ನು ಮತ್ತೆ ತೆಗೆದೆ. ಗುಡಿಸಲ ಒಳಗನ್ನು ಕತ್ತಲಾಗಿಯೇ ಬಿಟ್ಟೆ. ಮುಂದಿನ ವಾರ ಪ್ರಿಂಟ್ ಕೊಡಲು ಹೋದಾಗ ಮೊಮ್ಮಗಳು ಅದನ್ನು ಬಿಸಿಲಿಗೂ ಹಿಡಿದು ನೋಡಿದಳು, ಒಳಗೆ ಒಯ್ದು ಒಲೆಯ ಬೆಳಕಿನಲ್ಲೂ ನೋಡಿದಳು, ಮತ್ತೆ ಬಂದು ಅಜ್ಜಿಯ ಮಡಿಲಲ್ಲಿ ಇಟ್ಟಳು.

ಮನೆಯಲ್ಲಿ ಚಿತ್ರ ನೋಡುವವರಿಗೆ ಎರಡು ಮಾತು. ಟಿ.ವಿ.ಯಲ್ಲಿ ‘ವಿವಿಡ್’ ಎಂಬ ಆಯ್ಕೆಯಲ್ಲಿದ್ದರೆ ಅದನ್ನು ಬಿಟ್ಟು ‘ಸಿನಿಮಾ’ ಅಥವಾ ‘ಫಿಲ್ಮ್ ಮೇಕರ್’ ಎಂಬುದಕ್ಕೆ ತನ್ನಿ. ಮೊದಲ ಎರಡು ದಿನ ಮಂಕು ಅನ್ನಿಸುತ್ತದೆ, ಮೂರನೆಯ ದಿನ ಮುಖಗಳು ಮನುಷ್ಯರ ಮುಖಗಳಾಗುತ್ತವೆ. ಎಲೆಯ ಬಣ್ಣವನ್ನೋ ಸೀರೆಯ ಬಣ್ಣವನ್ನೋ ಫೋಟೋ ತೆಗೆದು ದೂರದವರಿಗೆ ಕಳಿಸುವುದಿದ್ದರೆ ಪಕ್ಕದಲ್ಲೊಂದು ಬಿಳಿ ಹಾಳೆ ಇಡಿ, ಎರಡರ ಮೇಲೂ ಒಂದೇ ಬೆಳಕು ಬೀಳುವಂತೆ, ನೇರ ಬಿಸಿಲು ತಪ್ಪಿಸಿ. ಆ ಕಡೆಯ ಪರದೆ ಎಂಥದ್ದೇ ಆಗಿರಲಿ, ನೋಡುವವರಿಗೆ ಆ ಹಾಳೆಯೇ ಅಳತೆಗೋಲು.

ಯಜಮಾನರಿಗೆ ಆ ಎಲೆಯ ಚಿತ್ರವನ್ನು ನಾನು ಹಾಗೆಯೇ ಮಾಡಿಕೊಟ್ಟೆ. ಬ್ಯಾರನ್ನಿನ ಬಾಗಿಲ ನೆರಳು, ಎಡಗೈಯಲ್ಲಿ ಎಲೆ, ಬಲಗೈಯಲ್ಲಿ ಮೊಮ್ಮಗನ ಪಟ್ಟಿಪುಸ್ತಕದಿಂದ ಹರಿದ ಹಾಳೆ. ಅವರು ಅಲ್ಲೇ ನಿಂತು ಅದನ್ನು ಮಗನಿಗೆ ಕಳಿಸಿದರು. ಐದು ನಿಮಿಷಕ್ಕೆ ಫೋನು ಬಂತು. ಯಜಮಾನರು ಸ್ಪೀಕರ್ ಹಾಕಿದರು. ಆ ಕಡೆಯಿಂದ ಮಗ, ‘ಅಪ್ಪ, ಇದು ಅದೇ ಎಲೇನಾ?’ ಎಂದು ಕೇಳಿದ. ‘ಅದೇ ಕಣ್ಲಾ’ ಎಂದು ಹೇಳಿ ಅವರು ಒಲೆಗೆ ಇನ್ನೊಂದು ಕೊರಡು ನೂಕಲು ಹೋದರು.